ಬಸವನಹುಳುವಿನ ಉಸಿರು

ಕೆರೆಯ ಬಸವನಹುಳುವಿನ ಮೊಟ್ಟೆಯೊಳಗೆ ಬೆಳೆಯುವ ಭ್ರೂಣ ಎಷ್ಟು ಆಮ್ಲಜನಕ ಹೀರುತ್ತದೆ ಎಂಬುದು ನೀಲಾಂಬಿಕಾಳ ಪಿಎಚ್.ಡಿ. ವಿಷಯ. ಭ್ರೂಣ ಬೆಳೆದಂತೆಲ್ಲ ಉಸಿರಾಟ ಏರುತ್ತಲೇ ಹೋಗುತ್ತದೆ ಎಂದು ಅವಳ ಗೈಡ್ ಹಿಂದೆಯೇ ಪುಸ್ತಕ ಬರೆದಿದ್ದರು. ಅವಳ ಪ್ರಯೋಗದಲ್ಲಿ ಮಾತ್ರ ಅದು ಅರ್ಧದವರೆಗೆ ಏರಿ, ಆಮೇಲೆ ಕುಸಿಯುತ್ತಿತ್ತು.

"ಮತ್ತ ಇದನ್ನ ತಂದಿಯೇನವಾ?" ಗೈಡ್ ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಒಗೆದರು.

"ಎಷ್ಟ ಸಲ ಮಾಡಿದ್ರೂ ಹಿಂಗ ಬರಾಕತ್ತೈತ್ರೀ ಸರ್. ಮೊಟ್ಟಿ ಜೀವಂತ ಅದಾವ್ರಿ. ಭ್ರೂಣ ಒಳಗ ತಿರುಗೋದು ಮೈಕ್ರೋಸ್ಕೋಪಿನಾಗ ಕಾಣತೈತ್ರಿ."

"ಮೊಟ್ಟಿದಲ್ಲ, ನಿನ್ನ ಕೈದ ತಪ್ಪೈತಿ. ಗೆರಿ ಸರಿ ಬರೋತನಾ ನಾ ಸಹಿ ಮಾಡಂಗಿಲ್ಲ."

ಎರಡು ವರ್ಷದಿಂದ ಇದೇ ಮಾತು. ಜೊತೆಗೆ ಸೇರಿದವರೆಲ್ಲ ಪದವಿ ಪಡೆದು ಹೋಗಿದ್ದರು. ಪ್ರಯೋಗಾಲಯಕ್ಕೆ ಮರಳಿದ ನೀಲಾಂಬಿಕಾ ಹುಳುಗಳ ತೊಟ್ಟಿಯ ಮುಂದೆ ಕುಳಿತು ಸಿಟ್ಟಿಗೆ ಅತ್ತುಬಿಟ್ಟಳು.

ಮುಂದಿನ ವಾರ ಅವಳು ಹೊಸ ಗ್ರಾಫ್ ತಂದಿಟ್ಟಳು. ಗೆರೆ ಎಲ್ಲಿಯೂ ಕುಸಿಯದೆ ಮೇಲಕ್ಕೆ ಹೋಗಿತ್ತು. ಗೈಡರ ಮುಖ ಅರಳಿತು.

"ನಾ ಹೇಳಿರಲಿಲ್ಲೇನು, ಕೈ ಪಳಗಬೇಕಂತ? ಭಾಳ ಛಲೋ ಬಂದೈತಿ!" ಅವರು ಅಲ್ಲಿಯೇ ಸಹಿ ಹಾಕಿ, ಉತ್ಸಾಹದಿಂದ ಕುರ್ಚಿ ಬಿಟ್ಟು ಎದ್ದರು. "ನಡಿ, ಆ ಮೊಟ್ಟಿ ನಾನೂ ಒಮ್ಮೆ ನೋಡತೇನಿ."

ನೀಲಾಂಬಿಕಾ ನಿಂತಲ್ಲಿಂದ ಕದಲಲಿಲ್ಲ.

"ಈ ವಾರ ಹುಳ ಒಂದೂ ಮೊಟ್ಟಿ ಇಟ್ಟಿಲ್ರೀ ಸರ್."