ಓಬಕ್ಕನ ಉಪವಾಸ

ಕೂಲಿಯವರು ಹಸಿದರೆ ಗುತ್ತಿಗೆದಾರನ ಹೊಟ್ಟೆಯೂ ಹಸಿಯುವ ಕಾನೂನು ಬಂದದ್ದೇ ತಡ, ಪುರಸಭೆಯ ಕಸದ ಗುತ್ತಿಗೆ ಹಿಡಿದಿದ್ದ ತಿಪ್ಪೇರುದ್ರಪ್ಪ ಎಲ್ಲರ ಕೂಲಿ ಏರಿಸಿದ. ಮಿಕ್ಕವರು ಹೊಟ್ಟೆತುಂಬ ಉಂಡರು. ಬೀದಿ ಗುಡಿಸುವ ಓಬಕ್ಕ ಮಾತ್ರ ಉಣ್ಣಲಿಲ್ಲ. ಹಸಿವು ಅವಳಿಗೆ ಹಳೆಯ ನೆಂಟ.

ತಟ್ಟೆ ತಟ್ಟೆ ಇಡ್ಲಿ ತಿಂದರೂ ತಣಿಯದ ಹೊಟ್ಟೆ ಹಿಡಿದುಕೊಂಡು ತಿಪ್ಪೇರುದ್ರಪ್ಪನೇ ಮುದ್ದೆ-ಸಾರಿನ ಕ್ಯಾರಿಯರ್ ತಂದು ಅವಳ ಮುಂದಿಟ್ಟ.

"ಒಂದು ತುತ್ತಾದ್ರೂ ಉಣ್ಣಕ್ಕ, ನಿನ್ ಕಾಲಿಗೆ ಬೀಳ್ತೀನಿ."

"ಇವತ್ತು ಸೋಮವಾರ ಸ್ವಾಮಿ, ಶಿವನ ಉಪವಾಸ."

"ನಿನ್ನೆ ಮೈಲಾರಪ್ಪ ಅಂದೆ, ಮೊನ್ನೆ ಹನುಮಪ್ಪ ಅಂದೆ. ದಿನಕ್ಕೊಂದು ದೇವರಾ?"

ಅವನ ಹೊಟ್ಟೆ ಗುರುಗುಟ್ಟಿದ್ದು ಕೇಳಿ ಓಬಕ್ಕನ ಜೀವ ತಣ್ಣಗಾಯಿತು.

"ಮಕ್ಕಳು ಹಸ್ಕಂಡವೆ, ಕೂಲಿ ಏರಿಸ್ರಿ ಅಂತ ನಿಮ್ ಕಾಲು ಹಿಡ್ದಾಗ, ದೇವ್ರನ್ನ ಕೇಳ್ಕ ಹೋಗು ಅಂದೋರು ನೀವೇ ಅಲ್ವಾ? ಒಬ್ಬೊಬ್ರನ್ನೇ ಕೇಳ್ತಾ ಇದೀನಿ."