ಹೂಂಗುಟ್ಟಿಸಿದ ಕಾರು

ಇದನ್ನು ಮೊದಲು ಹೇಳಿದವರು ಗದಗಿನ ಗಂಗವ್ವ ಹೊಂಬಳ; ಹೋದ ಶ್ರಾವಣದ ಒಂದು ಸಂಜೆ, ತಮ್ಮ ಮನೆಯ ಕಟ್ಟೆಯ ಮೇಲೆ, ಓಣಿಯ ಹೆಂಗಸರೆದುರು.

ಕನ್ಯೆ ಹುಡುಕುತ್ತಿದ್ದ ವರನೊಬ್ಬ ತನ್ನ ಕಾರು ತಗ್ಗಾಗಿ, ಠೀವಿಯಿಂದ ಕಾಣಲೆಂದು ಗಟ್ಟಿ ಸ್ಪ್ರಿಂಗು ಹಾಕಿಸಿ, ಕಾರಿಗೆ ಕೆಂಪು ಬಣ್ಣ ಬಳಿಸಿದ.

"ಸ್ಪ್ರಿಂಗ್ ಗಟ್ಟಿ ಆದ್ರ ಅದರ ಕುಣಿತ ಹಿಡಿಯೋ ಶಾಕ್ ಅಬ್ಸಾರ್ಬರೂ ಗಟ್ಟಿ ಬೇಕು ತಮ್ಮಾ. ಹಳೇ ಶಾಕಿಗೆ ಅದು ಬಗ್ಗೂದಿಲ್ಲ, ಕುಣೀತೈತಿ" ಎಂದ ಮಿಸ್ತ್ರಿ.

"ಒಳಗಿನ ಶಾಕ್ ಯಾರಿಗೆ ಕಾಣ್ತೈತಿ, ಬಿಡ್ರಿ" ಎಂದ ವರ.

ಒಬ್ಬ ಕನ್ಯೆಯನ್ನು ಮೆಚ್ಚಿ, ಅವಳ ತಂದೆಯನ್ನು ತನ್ನ ಮನೆ ತೋರಿಸಲು ಅದೇ ಕಾರಿನಲ್ಲಿ ಕರೆತಂದ. ರಸ್ತೆಯ ಮೊದಲ ಉಬ್ಬು ಹಾರಿದ ಕಾರು, ಮುಂದಿನ ಉಬ್ಬು ಬಂದರೂ ಕುಣಿಯುತ್ತಲೇ ಇತ್ತು.

"ಮಾವಾರ, ಮಗಳ್ನ ಕೊಡ್ತೀರಿಲ್ರಿ?"

ಮಾವನ ತಲೆ ಮೇಲೆ ಕೆಳಗೆ ಆಡಿತು, ಆಡುತ್ತಲೇ ಇತ್ತು. ವರ ಹಿಗ್ಗಿ, ಪೇಢೆ ಕೊಳ್ಳಲು ಕಾರು ನಿಲ್ಲಿಸಿದ.

ಮಾವ ಇಳಿದು, ದೀಪದ ಕಂಬ ಹಿಡಿದು ನಿಂತರು. "ತಲಿ ಈಗ ನನ್ನ ಮಾತು ಕೇಳಾಕತ್ತೈತಿ. ಈಗ ಕೇಳು."

ವರ ಮತ್ತೆ ಅದೇ ಕೇಳಿದ. ಮಾವ ತಲೆಯನ್ನು ತಾವೇ ಅಡ್ಡಡ್ಡ ಆಡಿಸಿದರು.

ಹೆಂಗಸರು ನಕ್ಕು ಮುಗಿಸುವ ಮೊದಲೇ ಗಂಗವ್ವನ ಮಗ ಕೀಲಿಕೈ ತಿರುಗಿಸುತ್ತ ಹೊರಬಂದ. "ಚಿಗವ್ವಾರ, ನಾಳೆ ಇನ್ನೊಂದು ಕನ್ಯಾ ನೋಡೂದೈತಿ. ಎಲ್ಲಾರೂ ನನ್ನ ಕಾರಿನ್ಯಾಗ ಬರ್ರಿ. ಈ ಸಲ ಸ್ಪ್ರಿಂಗ್ ಇನ್ನೂ ಗಟ್ಟೀದು ಹಾಕ್ಸೇನಿ."

ಕತೆ ಕೇಳಲು ಕೂತವರೆಲ್ಲ ಸೊಂಟ ಹಿಡಿದುಕೊಂಡು ಎದ್ದು ಮನೆಗೆ ಹೋದರು.