ಗಿರಾಕಿ ಎದುರಿಗೆ ಮಾತ್ರ

ಹಳೆಯ ವಸ್ತುಗಳು ತೀರಿಹೋದ ಒಡೆಯರ ದನಿಯಲ್ಲಿ ಮಾತಾಡುತ್ತ ತಾವೇ ಚೌಕಾಸಿಗೆ ನಿಂತ ಮೇಲೆ ಆನ್‌ಲೈನ್ ಮಾರಾಟ ಸಲೀಸಾಗಿತ್ತು. ಸತ್ತ ಮೇಲೂ ನಿಲ್ಲದ ಅತ್ತೆಯ ಕೊಂಕು ಕೇಳಿ ಸಾಕಾಗಿ ವನಜಾಕ್ಷಿ, ಅವರ ದನಿಯಲ್ಲಿ ದಿನವಿಡೀ ಗೊಣಗುತ್ತಿದ್ದ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಳು.

ವಿಡಿಯೊ ಕರೆಯಲ್ಲಿ ಬಂದ ಸಂಗ್ರಾಹಕ, "ಹಳೇ ಮಾಲು. ಎಂಟುನೂರಕ್ಕೆ ಕೊಡಿ," ಎಂದ.

ಪೆಟ್ಟಿಗೆ ಥೇಟ್ ಅತ್ತೆಯ ಹಾಗೆ ಕೆಮ್ಮಿತು. "ನೆಟ್ಟಗೆ ನೋಡಪ್ಪ. ನನ್ನ ಸೊಸೆ ವಾರವಾರ ಹುಣಸೆಹಣ್ಣು ಹಾಕಿ ತಿಕ್ಕಿ ತಂದ ಹೊಳಪು ಇದು. ಅಂಥಾ ಕೈ ನಿಮ್ಮನೇಲಿದ್ಯಾ?"

ಬದುಕಿದ್ದಾಗ ಅತ್ತೆ ಒಮ್ಮೆಯೂ ಹೊಗಳಿರಲಿಲ್ಲ. ವನಜಾಕ್ಷಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವನು ದುಪ್ಪಟ್ಟು ಕೊಡುತ್ತೇನೆಂದರೂ ಕರೆ ಕತ್ತರಿಸಿ, "ಇನ್ನೊಂದ್ಸಲ ಹೇಳಿ ಅತ್ತೆ," ಎಂದಳು.

"ನಿಂಗ್ಯಾಕೆ ಹೇಳ್ಲಿ? ಗಿರಾಕಿ ಬರ್ಲಿ."

ವನಜಾಕ್ಷಿ ಯಾರೂ ಕೊಳ್ಳಲಾಗದ ಬೆಲೆ ಹಾಕಿ, ಮುಂದಿನ ಗಿರಾಕಿಯನ್ನು ಕರೆದಳು.